ಸಮಗ್ರ ವಿಕಾಸವೂ ಮನೋಚಿಕಿತ್ಸೆಯೂ : ಒಂದು ವಿಮರ್ಶೆ

ಶಬ್ದಗಳಿಗೂ ಒಂದೊಂದು ಕಾಲವುಂಟು. ಈಗ ‘ಸಮಗ್ರ’ ಎಂಬ ಶಬ್ದದ ಕಾಲ. ಸಮಗ್ರ ಆರೋಗ್ಯ, ಸಮಗ್ರ ಜೀವನ, ಸಮಗ್ರ ವ್ಯಕ್ತಿತ್ವ ವಿಕಾಸ ಎಂಬ ಹೆಸರಿನ ಶಿಬಿರಗಳು ನಗರಗಳಲ್ಲಿ ಮಾತ್ರವಲ್ಲದೆ ತಾಲ್ಲೂಕು ಕೇಂದ್ರಗಳಲ್ಲಿಯೂ ನಡೆಯುತ್ತಿವೆ. ಇವುಗಳನ್ನು ನಡೆಸುವವರಲ್ಲಿ ಅನೇಕರು ಹೇಳುವ ಮಾತಿನ ಸಾರಾಂಶವಿದು: ಮನೋವೈದ್ಯನು ಮನುಷ್ಯನನ್ನು ರೋಗಿಯೆಂದು ಕಾಣುತ್ತಾನೆ, ದುಃಖಕ್ಕೆ ರೋಗದ ಹೆಸರಿಟ್ಟು ಗುಳಿಗೆ ಬರೆದುಕೊಡುತ್ತಾನೆ, ನಾವಾದರೋ ದೇಹ, ಮನಸ್ಸು, ಆತ್ಮಗಳನ್ನು ಒಟ್ಟಾಗಿ ನೋಡಿ ಮನುಷ್ಯನನ್ನು ಬೆಳೆಸುತ್ತೇವೆ, ಆದುದರಿಂದ ಚಿಕಿತ್ಸೆಗೆ ಬದಲಾಗಿ ನಮ್ಮಲ್ಲಿಗೆ ಬನ್ನಿ. ಮಠಕ್ಕೆ ಬರುವ ಭಕ್ತರೂ ಈ ಮಾತನ್ನು ಕೇಳಿಕೊಂಡೇ ಬರುತ್ತಾರೆ. “ಬುದ್ಧೀ, ಹುಡುಗನನ್ನು ಆಸ್ಪತ್ರೆಗೆ ತೋರಿಸಿದರೆ ಹುಚ್ಚನೆಂಬ ಹೆಸರು ಬರುತ್ತದೆ, ಹತ್ತು ದಿನದ ಶಿಬಿರಕ್ಕೆ ಕಳುಹಿಸಿದರೆ ಸಾಲದೆ?” ಎಂದು ತಾಯಿತಂದೆಗಳು ಕೇಳುವುದುಂಟು. ಇದಕ್ಕೆ ಕೊಡುವ ಉತ್ತರದ ಮೇಲೆ ಒಂದು ಮನೆಯ ಬಾಳು ನಿಂತಿರುತ್ತದೆ. ಆದುದರಿಂದ ಈ ವಿಚಾರವನ್ನು ಅದರ ಮೂಲದಿಂದಲೇ ಹಿಡಿದು ವಿಮರ್ಶಿಸುವುದು ಅವಶ್ಯಕವಾಗಿದೆ.

ಈ ಪಂಥದ ಮೂಲವು ಅಮೆರಿಕಾ ದೇಶದಲ್ಲಿದೆ. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿ ಮನಸ್ಸಿನ ಸಂಕಟಕ್ಕೆ ಎರಡೇ ಮುಖ್ಯ ದಾರಿಗಳಿದ್ದುವು. ಒಂದು, ಸರ್ಕಾರದ ಮಾನಸಿಕ ಆಸ್ಪತ್ರೆ. 1955ರಲ್ಲಿ ಅಂತಹ ಆಸ್ಪತ್ರೆಗಳಲ್ಲಿ 5.5 ಲಕ್ಷಕ್ಕೂ ಹೆಚ್ಚು ಜನರಿದ್ದರು. ಬಹುಮಂದಿ ವರ್ಷಗಟ್ಟಲೆ ಅಲ್ಲಿಯೇ ಉಳಿದಿದ್ದರು. ಇನ್ನೊಂದು, ಫ್ರಾಯ್ಡ್ ಮಹಾಶಯನ ಮನೋವಿಶ್ಲೇಷಣೆ. ವಾರಕ್ಕೆ ನಾಲ್ಕೈದು ದಿನಗಳಂತೆ ಹಲವು ವರ್ಷ ನಡೆಯುತ್ತಿದ್ದ ಈ ವಿಧಾನವು ಉಳ್ಳವರಿಗೆ ಮಾತ್ರ ಎಟಕುವಂತಿತ್ತು. ರಿಚರ್ಡ್ ಪ್ರೈಸ್ ಎಂಬ ತರುಣನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರವನ್ನೇ ಓದಿದವನು. 1956ರಲ್ಲಿ ಅವನ ಮನಸ್ಸು ತೀವ್ರವಾಗಿ ಕದಡಿದಾಗ ಅವನನ್ನು ಆಸ್ಪತ್ರೆಗೆ ಸೇರಿಸಲಾಯಿತು. ಇನ್ಸುಲಿನ್ ಆಘಾತ, ವಿದ್ಯುತ್ ಆಘಾತಗಳನ್ನು ಅವನ ಇಚ್ಛೆಗೆ ವಿರುದ್ಧವಾಗಿ ಕೊಡಲಾಯಿತು. ಹೊರಗೆ ಬಂದ ಮೇಲೆ, ಮನಸ್ಸು ಕದಡಿದವನನ್ನು ಮನುಷ್ಯನಂತೆ ನೋಡಿಕೊಳ್ಳುವ ಒಂದು ಸ್ಥಳ ಬೇಕೆಂಬ ಹಂಬಲ ಅವನಲ್ಲಿ ಉಳಿಯಿತು. ಇಂದಿನ ಸಮಗ್ರ ವಿಕಾಸ ಶಿಬಿರಗಳನ್ನು ಟೀಕಿಸುವವರು ಮೊದಲು ಈ ತರುಣನ ನೋವನ್ನು ತಿಳಿಯಬೇಕು. ಈ ಪಂಥವು ನ್ಯಾಯವಾದ ಒಂದು ದೂರಿನಿಂದ ಹುಟ್ಟಿತೆಂಬುದನ್ನು ಅಲ್ಲಗಳೆಯಲಾಗದು.

ಆ ದೂರಿಗೆ ಶಾಸ್ತ್ರದ ಬೆಂಬಲವನ್ನು ಕೊಟ್ಟವರು ಇಬ್ಬರು ವಿದ್ವಾಂಸರು. ಏಬ್ರಹಾಂ ಮ್ಯಾಸ್ಲೋ 1943ರ ತಮ್ಮ ಪ್ರಬಂಧದಲ್ಲಿ ಮನುಷ್ಯನ ಅಗತ್ಯಗಳಿಗೆ ಒಂದು ಕ್ರಮವುಂಟೆಂದೂ, ಹಸಿವು ಭಯಗಳು ನೀಗಿದ ಮೇಲೆ ತನ್ನ ಶಕ್ತಿಯನ್ನೆಲ್ಲ ಅರಳಿಸಿಕೊಳ್ಳುವ ಹಂಬಲವು ಮನುಷ್ಯನಲ್ಲಿ ಏಳುವುದೆಂದೂ ಪ್ರತಿಪಾದಿಸಿದರು. ಮನಶ್ಶಾಸ್ತ್ರವು ರೋಗಿಗಳನ್ನು ಮಾತ್ರ ಅಭ್ಯಸಿಸಿದರೆ ಸಾಲದು, ಆರೋಗ್ಯವಂತರನ್ನೂ ಅಭ್ಯಸಿಸಬೇಕೆಂಬುದು ಅವರ ಆಗ್ರಹ. ಕಾರ್ಲ್ ರೋಜರ್ಸ್ ಅವರಾದರೋ ‘ರೋಗಿ’ ಎಂಬ ಶಬ್ದವನ್ನೇ ಕೈಬಿಟ್ಟರು. ನೆರವು ಬಯಸಿ ಬಂದವನ ಮಾತನ್ನು ಗೌರವದಿಂದ ಆಲಿಸುವುದು, ಅವನನ್ನು ಅವನಿದ್ದಂತೆಯೇ ಒಪ್ಪಿಕೊಳ್ಳುವುದು, ಆಲಿಸುವವನು ತಾನೂ ಸೋಗಿಲ್ಲದೆ ಇರುವುದು, ಈ ಮೂರರಲ್ಲಿಯೇ ಗುಣಪಡಿಸುವ ಶಕ್ತಿಯಿದೆ ಎಂದರು. 1961ರಲ್ಲಿ ಪ್ರಕಟವಾದ ಅವರ ‘ಆನ್ ಬಿಕಮಿಂಗ್ ಎ ಪರ್ಸನ್’ ಗ್ರಂಥವು ಇಂದಿಗೂ ಓದತಕ್ಕದ್ದು. ಅಧಿಕಾರದ ಗತ್ತನ್ನು ತೊರೆದು ಎದುರಿಗಿರುವವನನ್ನು ಕಾಣುವ ಈ ರೀತಿಯಿಂದ ನಮ್ಮ ಗುರುಪೀಠಗಳೂ ಕಲಿಯಬೇಕಾದುದಿದೆ.

1962ರಲ್ಲಿ ಪ್ರೈಸ್ ಮತ್ತು ಅವನ ಗೆಳೆಯ ಮೈಕೇಲ್ ಮರ್ಫಿ ಇಬ್ಬರೂ ಕ್ಯಾಲಿಫೋರ್ನಿಯಾದ ಬಿಗ್ ಸರ್ ಕಡಲತೀರದಲ್ಲಿ, ಬಿಸಿನೀರಿನ ಬುಗ್ಗೆಗಳಿರುವ ಮರ್ಫಿ ಮನೆತನದ ಜಮೀನಿನಲ್ಲಿ, ಎಸಲೆನ್ ಸಂಸ್ಥೆಯನ್ನು ಆರಂಭಿಸಿದರು. ಇಲ್ಲಿ ನಮಗೆ ಸಂಬಂಧಿಸಿದ ಒಂದು ಸಂಗತಿಯುಂಟು. ಮರ್ಫಿ ಶ್ರೀ ಅರವಿಂದರ ಕೃತಿಗಳಿಂದ ಪ್ರಭಾವಿತನಾಗಿ 1956-57ರಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಪಾಂಡಿಚೇರಿಯ ಆಶ್ರಮದಲ್ಲಿದ್ದವನು. ಆ ಆಶ್ರಮದಲ್ಲಿ ಸಾಧಕರು ಅಡಿಗೆಮನೆ, ತೋಟ, ಕಾರ್ಯಾಗಾರಗಳಲ್ಲಿ ದುಡಿಯುತ್ತಾರೆ. ಅಲ್ಲಿ ಸಾಧನೆಯೆಂಬುದು ಆಯುಷ್ಯದ ಲೆಕ್ಕದ್ದು. ಕ್ಯಾಲಿಫೋರ್ನಿಯಾದಲ್ಲಿ ಅದು ಶನಿವಾರ ಭಾನುವಾರಗಳ ಲೆಕ್ಕಕ್ಕೆ ಇಳಿಯಿತು. ಧ್ಯಾನ, ಅಂಗಮರ್ದನ, ನೃತ್ಯ, ಗುಂಪಿನಲ್ಲಿ ಕುಳಿತು ಒಬ್ಬರಿಗೊಬ್ಬರು ಮನಬಿಚ್ಚಿ ಮಾತನಾಡುವ ಗೋಷ್ಠಿ, ಇವೆಲ್ಲವೂ ಶುಲ್ಕ ತೆತ್ತು ಪಡೆಯುವ ವಸ್ತುಗಳಾದುವು. ನಮ್ಮ ದೇಶದಿಂದ ಹೋದ ಬೀಜವು ಅಲ್ಲಿ ಹೊಸ ಮಣ್ಣಿನಲ್ಲಿ ಬೆಳೆದು, ಹೊಸ ಹೆಸರಿನಿಂದ ಮರಳಿ ನಮ್ಮ ಊರುಗಳಿಗೆ ಬಂದಿದೆ. ಆದುದರಿಂದಲೇ ನಮ್ಮವರಿಗೆ ಅದು ತಮ್ಮದೇ ಎಂಬ ಭ್ರಮೆಯಾಗುವುದು ಸಹಜ.

ಎಸಲೆನ್‌ನಲ್ಲಿ 1960ರ ದಶಕದಲ್ಲಿ ಅತ್ಯಂತ ಖ್ಯಾತಿ ಪಡೆದವನು ಫ್ರಿಟ್ಸ್ ಪರ್ಲ್ಸ್. ಜರ್ಮನಿಯಲ್ಲಿ ಹುಟ್ಟಿ ಮನೋವೈದ್ಯನಾದ ಈತ, ನೂರಾರು ಜನರೆದುರಿನಲ್ಲಿ ಒಬ್ಬನನ್ನು ಕೂರಿಸಿ, ಪ್ರಶ್ನಿಸಿ, ಕೆಣಕಿ, ಅಳಿಸಿ, ಅವನ ಒಳಗಿನ ಗಂಟನ್ನು ಬಿಚ್ಚುತ್ತಿದ್ದನು. ನೋಡುವವರಿಗೆ ಅದು ಪವಾಡದಂತೆ ತೋರುತ್ತಿತ್ತು. ಒಬ್ಬನು ಇನ್ನೊಬ್ಬನ ನಿರೀಕ್ಷೆಯನ್ನು ಪೂರೈಸಲು ಹುಟ್ಟಿದವನಲ್ಲವೆಂಬುದು ಅವನ ಬೋಧೆಯ ತಿರುಳು. ದಾಸ್ಯದಲ್ಲಿ ನವೆದವನಿಗೆ ಈ ಮಾತು ಬಿಡುಗಡೆಯಂತೆ ಕೇಳಿಸುತ್ತದೆ. ಮಕ್ಕಳನ್ನು ಸಾಕಬೇಕಾದ ತಂದೆಯ ಬಾಯಲ್ಲಿ ಅದೇ ಮಾತಿಗೆ ಬೇರೆ ಅರ್ಥ ಬರುತ್ತದೆ. ಅಲ್ಲಿ ವಿಚಾರಶಕ್ತಿಯನ್ನೇ ಹೀನಾಯವಾಗಿ ಕಾಣುವ ಪ್ರವೃತ್ತಿ ಬೆಳೆದುದನ್ನು ಕಂಡು ಮ್ಯಾಸ್ಲೋ ಅವರೇ ತಮ್ಮ ಕೊನೆಯ ವರ್ಷಗಳಲ್ಲಿ ಅಸಮಾಧಾನಪಟ್ಟರು.

ಇಂತಹ ಗೋಷ್ಠಿಗಳ ಫಲವೇನೆಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. ಇರ್ವಿನ್ ಯಾಲಮ್ ಮತ್ತು ಮಾರ್ಟನ್ ಲೀಬರ್‌ಮನ್ ಎಂಬ ಸಂಶೋಧಕರು ವಿಶ್ವವಿದ್ಯಾಲಯದ 209 ವಿದ್ಯಾರ್ಥಿಗಳನ್ನು 18 ಗುಂಪುಗಳಲ್ಲಿ ಒಟ್ಟು 30 ಗಂಟೆಗಳ ಕಾಲ ಕೂರಿಸಿ, ತರುವಾಯ ಅವರ ಸ್ಥಿತಿಯನ್ನು ಪರೀಕ್ಷಿಸಿ, 1971ರಲ್ಲಿ ವರದಿಯನ್ನು ಪ್ರಕಟಿಸಿದರು. 39 ಮಂದಿ ನಡುವೆಯೇ ಬಿಟ್ಟುಹೋದರು. ಉಳಿದ 170 ಮಂದಿಯಲ್ಲಿ 16 ಮಂದಿಗೆ ಗೋಷ್ಠಿಯಿಂದಲೇ ದೀರ್ಘಕಾಲ ಉಳಿಯುವ ಹಾನಿಯಾಗಿತ್ತು. ಜನರನ್ನು ಸೆಳೆಯುವ ವರ್ಚಸ್ಸುಳ್ಳ, ಆಕ್ರಮಣ ಸ್ವಭಾವದ, ಪರರ ಮನಸ್ಸಿನೊಳಕ್ಕೆ ನುಗ್ಗುವ ಮುಖಂಡರ ಗುಂಪುಗಳಲ್ಲಿ ಅಪಾಯವು ಹೆಚ್ಚಾಗಿತ್ತು. ಇದಕ್ಕಿಂತಲೂ ಮನನಯೋಗ್ಯವಾದ ಅಂಶ ಇನ್ನೊಂದು: ಯಾರಿಗೆ ಪೆಟ್ಟಾಗಿದೆಯೆಂಬುದನ್ನು ಮುಖಂಡರು ಸರಿಯಾಗಿ ಗುರುತಿಸಲಿಲ್ಲ, ಜೊತೆಯಲ್ಲಿ ಕುಳಿತ ಸಂಗಡಿಗರೇ ಉತ್ತಮವಾಗಿ ಗುರುತಿಸಿದರು. ಎತ್ತರದ ಆಸನದಲ್ಲಿ ಕುಳಿತವನಿಗೆ ಕಾಣದುದು ಪಕ್ಕದಲ್ಲಿ ಕುಳಿತವನಿಗೆ ಕಂಡಿತು. ಗುರುಸ್ಥಾನದಲ್ಲಿರುವ ಎಲ್ಲರೂ, ಕಾವಿ ಧರಿಸಿದವರೂ ಸಹ, ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

1971ರಲ್ಲಿಯೇ ವರ್ನರ್ ಎರ್‌ಹಾರ್ಡ್ ಎಂಬಾತನು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ‘ಎಸ್ಟ್’ ಎಂಬ ತರಬೇತಿಯನ್ನು ಆರಂಭಿಸಿದನು. ಹೋಟೆಲಿನ ದೊಡ್ಡ ಸಭಾಂಗಣದಲ್ಲಿ ಇನ್ನೂರೈವತ್ತರಷ್ಟು ಜನರನ್ನು ಕೂರಿಸಿ, ಎರಡು ವಾರಾಂತ್ಯಗಳಲ್ಲಿ ಸುಮಾರು 60 ಗಂಟೆ ನಡೆಸುತ್ತಿದ್ದ ಈ ತರಬೇತಿ 1984ರವರೆಗೆ ನಡೆಯಿತು. ಲಕ್ಷಾಂತರ ಜನ ಅದರಲ್ಲಿ ಪಾಲ್ಗೊಂಡರು. ಪ್ರತಿಯೊಬ್ಬನೂ ತನ್ನ ಅನುಭವಕ್ಕೆ ತಾನೇ ಸಂಪೂರ್ಣ ಹೊಣೆ ಎಂಬುದು ಅದರ ತತ್ತ್ವ. ಇದರಲ್ಲಿ ಒಂದು ಚಮತ್ಕಾರವಿದೆ. ಒಳಿತಾದರೆ ತರಬೇತಿಯ ಮಹಿಮೆ. ಕೆಡುಕಾದರೆ ಕಲಿತವನ ಹೊಣೆ. 1977ರಲ್ಲಿ ಅಮೆರಿಕಾದ ಮನೋವೈದ್ಯರ ಪತ್ರಿಕೆಯೊಂದು, ಈ ತರಬೇತಿಯ ಸಂದರ್ಭದಲ್ಲಿಯೇ ಭ್ರಮೆ, ಸಂಶಯ, ಉನ್ಮಾದಗಳಿಗೆ ಒಳಗಾದ ಐವರ ವೃತ್ತಾಂತವನ್ನು ಪ್ರಕಟಿಸಿತು. ಅವರಲ್ಲಿ ಒಬ್ಬರಿಗೆ ಮಾತ್ರ ಹಿಂದೆ ಮಾನಸಿಕ ತೊಂದರೆಯಿದ್ದ ಸೂಚನೆಯಿತ್ತು. ಐವರ ವೃತ್ತಾಂತದಿಂದ ಕಾರ್ಯಕಾರಣ ಸಂಬಂಧವು ಸಿದ್ಧವಾಗುವುದಿಲ್ಲ, ನಿಜ. ಆದರೆ ಹೊಣೆಯನ್ನೆಲ್ಲ ಬಂದವನ ತಲೆಗೇ ಕಟ್ಟುವ ಸಿದ್ಧಾಂತದಲ್ಲಿ ಇಂತಹವರನ್ನು ಕುರಿತು ವಿಚಾರಿಸಲು ಎಡೆಯೇ ಇರಲಿಲ್ಲವೆಂಬುದು ಸಿದ್ಧ.

ವಿಮರ್ಶೆಯು ಎರಡು ಕಡೆಯನ್ನೂ ನೋಡಬೇಕು. ರೋಜರ್ಸ್ ಅವರು ತಮ್ಮ ವಿಧಾನವನ್ನು ವಿಸ್ಕಾನ್ಸಿನ್ ಪ್ರಾಂತದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳ ಮೇಲೆ ತಾವೇ ಪರೀಕ್ಷೆಗೆ ಒಡ್ಡಿದರು. 1967ರಲ್ಲಿ ಅದರ ವರದಿ ಗ್ರಂಥರೂಪದಲ್ಲಿ ಬಂದಿತು. ಒಟ್ಟಾರೆ ನೋಡಿದರೆ ನಿರೀಕ್ಷಿಸಿದ ಮಟ್ಟಿನ ಫಲ ಬಂದಿರಲಿಲ್ಲ. ಅದನ್ನು ಮುಚ್ಚಿಡದೆ ಪ್ರಕಟಿಸಿದುದು ಆ ವಿದ್ವಾಂಸರ ದೊಡ್ಡತನ. ಇದಕ್ಕೆ ಪ್ರತಿಯಾಗಿ, ಎಸಲೆನ್‌ನವರ ಆಸಕ್ತಿಯೂ ಸೇರಿ 1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಆಗ್ನ್ಯೂಸ್ ಸರ್ಕಾರಿ ಆಸ್ಪತ್ರೆಯಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಸ್ಕಿಜೋಫ್ರೇನಿಯಾದಿಂದ ಬಳಲುತ್ತಿದ್ದ 80 ತರುಣರಲ್ಲಿ ಕೆಲವರಿಗೆ ಔಷಧವನ್ನೂ, ಕೆಲವರಿಗೆ ಔಷಧದಂತೆ ತೋರುವ ಬರಿಯ ಗುಳಿಗೆಯನ್ನೂ ಕೊಡಲಾಯಿತು. ಔಷಧವಿಲ್ಲದೆ ಇದ್ದವರಲ್ಲಿ ಕೆಲವರು ಮೂರು ವರ್ಷಗಳ ಅನಂತರವೂ ಉತ್ತಮ ಸ್ಥಿತಿಯಲ್ಲಿದ್ದುದನ್ನು 1978ರ ವರದಿ ತಿಳಿಸಿತು. ಎಲ್ಲರಿಗೂ ಎಲ್ಲ ಕಾಲಕ್ಕೂ ಒಂದೇ ಮದ್ದು ಎಂಬ ವೈದ್ಯರ ಹಟಕ್ಕೆ ಇದು ಉತ್ತರ. ಆದರೆ ಆ ಪ್ರಯೋಗ ನಡೆದುದು ಆಸ್ಪತ್ರೆಯ ಒಳಗೆ, ವೈದ್ಯರ ಕಣ್ಣೆದುರಿನಲ್ಲಿ, ವರ್ಷಗಟ್ಟಲೆ ವಿಚಾರಿಸಿಕೊಳ್ಳುವ ಏರ್ಪಾಡಿನೊಡನೆ. ಅದನ್ನು ತೋರಿಸಿ ‘ಗುಳಿಗೆಯನ್ನು ಎಸೆದು ಶಿಬಿರಕ್ಕೆ ಬನ್ನಿ’ ಎನ್ನುವುದು ಅಪಾಯಕರವಾದ ತರ್ಕ.

ಈಗ ‘ಸಮಗ್ರ’ ಎಂಬ ಶಬ್ದವನ್ನೇ ಪರೀಕ್ಷಿಸೋಣ. ಯಾವುದನ್ನೂ ಬಿಡದೆ ಒಳಗೊಂಡುದು ಸಮಗ್ರ. ದೇಹ, ಮನಸ್ಸು, ಆತ್ಮ ಎಂಬ ಮೂರನ್ನು ಹೆಸರಿಸಿದ ಮಾತ್ರಕ್ಕೆ ಸಮಗ್ರತೆ ಬರುವುದಿಲ್ಲ. ಮನುಷ್ಯನು ಒಂದು ಮನೆಯಲ್ಲಿ ಬಾಳುತ್ತಾನೆ, ಒಂದು ಕೆಲಸವನ್ನು ಮಾಡುತ್ತಾನೆ, ನಾಲ್ಕು ಜನರಿಗೆ ಬಾಧ್ಯನಾಗಿರುತ್ತಾನೆ. ಅವನ ಹೆಂಡತಿ, ಅವನ ಮುಪ್ಪಿನ ತಾಯಿ, ಅವನ ಕೈಕೆಳಗೆ ದುಡಿಯುವವರು, ಇವರು ಯಾರೂ ಆ ಸಭಾಂಗಣದಲ್ಲಿ ಇರುವುದಿಲ್ಲ. ಅಲ್ಲಿ ಅರಳುವುದು ಬೇರಿನಿಂದ ಕಿತ್ತ ಹೂವು. 1979ರಲ್ಲಿ ಕ್ರಿಸ್ಟೋಫರ್ ಲ್ಯಾಶ್ ಎಂಬ ಇತಿಹಾಸಕಾರರು ತಮ್ಮ ದೇಶದ ಈ ಆತ್ಮಲೋಲುಪತೆಯನ್ನು ಕುರಿತು ಒಂದು ಗ್ರಂಥವನ್ನೇ ಬರೆದು, ಸಮಾಜವನ್ನು ತಿದ್ದುವ ಆಸೆಯನ್ನು ಕೈಬಿಟ್ಟವರು ತಮ್ಮನ್ನು ತಾವೇ ತೀಡಿಕೊಳ್ಳುತ್ತ ಕುಳಿತಿದ್ದಾರೆಂದು ಆಕ್ಷೇಪಿಸಿದರು. ಶರಣರ ದೃಷ್ಟಿಯಿಂದ ನೋಡಿದರೂ ಆಕ್ಷೇಪಣೆ ಇದೇ ಆಗುತ್ತದೆ. ಷಟ್‌ಸ್ಥಲವೆಂಬುದು ಒಳಗಿನ ಏರುಮೆಟ್ಟಿಲು ಹೌದು. ಆದರೆ ಕಾಯಕ ದಾಸೋಹಗಳ ನೆಲದ ಮೇಲೆ ನಿಲ್ಲದ ಮೆಟ್ಟಿಲನ್ನು ಬಸವಾದಿ ಪ್ರಮಥರು ಒಪ್ಪಲಿಲ್ಲ. ಒಬ್ಬನು ಬೆಳೆದನೆಂಬುದಕ್ಕೆ ಸಾಕ್ಷಿ ಅವನ ಉಲ್ಲಾಸವಲ್ಲ, ಅವನಿಂದ ಇತರರಿಗೆ ಆದ ಉಪಕಾರ.

ದುಃಖಕ್ಕೆಲ್ಲ ರೋಗದ ಹೆಸರನ್ನು ಇಡಬಾರದೆಂಬ ಮಾತಿನಲ್ಲಿ ಸತ್ಯವಿದೆ. ನಮ್ಮ ಶೂನ್ಯಸಂಪಾದನೆಯಲ್ಲಿ ಬರುವ ಮುಕ್ತಾಯಕ್ಕನ ಪ್ರಸಂಗವನ್ನು ಈ ದೃಷ್ಟಿಯಿಂದ ಓದಬೇಕು. ಅಣ್ಣನೂ ಗುರುವೂ ಆಗಿದ್ದ ಅಜಗಣ್ಣನು ಬಯಲಾದ ಮೇಲೆ ಆಕೆ ತೀರದ ಶೋಕದಲ್ಲಿ ಮುಳುಗಿದ್ದಾಳೆ. ಅಲ್ಲಮಪ್ರಭು ಅಲ್ಲಿಗೆ ಬರುತ್ತಾನೆ. ಆತ ಆಕೆಯನ್ನು ರೋಗಿಯೆಂದು ಕಾಣುವುದಿಲ್ಲ. ಒಣ ಸಮಾಧಾನವನ್ನೂ ಹೇಳುವುದಿಲ್ಲ. ಪ್ರಶ್ನಿಸುತ್ತಾನೆ, ಆಕೆ ಹರಿತವಾದ ಮಾತಿನಿಂದ ಎದುರಿಸುತ್ತಾಳೆ. ನೀನು ಹೇಳುವುದು ಬರಿಯ ನುಡಿಯೋ ಅನುಭವವೋ ಎಂದು ಪ್ರಭುವನ್ನೇ ಪರೀಕ್ಷೆಗೆ ಒಡ್ಡುವ ಧೈರ್ಯ ಆಕೆಗಿದೆ. ಆ ಪರೀಕ್ಷೆಗೆ ಒಳಗಾಗುವ ವಿನಯ ಪ್ರಭುವಿಗಿದೆ. ಕಡೆಗೆ ಆಕೆಗೆ ದೊರೆತ ಸಮಾಧಾನವು ಆಕೆಯ ಅರಿವಿನಿಂದಲೇ ಮೂಡಿದುದು. ವ್ಯಕ್ತಿವಿಕಾಸಕ್ಕೆ ನೆರವಾಗುವವನು ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಉತ್ತಮ ಮೇಲ್ಪಂಕ್ತಿ ಬೇಕಿಲ್ಲ. ಆದರೆ ಈ ಪ್ರಸಂಗವು ಶೋಕವನ್ನು ಕುರಿತದ್ದೆಂಬುದನ್ನು ಮರೆಯಬಾರದು. ವಾದಕ್ಕೆ ವಾದ ಹೂಡಬಲ್ಲ ಬುದ್ಧಿ ಮುಕ್ತಾಯಕ್ಕನಲ್ಲಿ ಅಳಿಸದೆ ಇತ್ತು. ಯಾರೂ ಇಲ್ಲದ ಕಡೆ ಧ್ವನಿ ಕೇಳಿ ಬೆದರುವವನಿಗೆ, ವಾರಗಟ್ಟಲೆ ನಿದ್ರೆಯಿಲ್ಲದೆ ಅಲೆಯುವವನಿಗೆ, ಊಟ ಬಿಟ್ಟು ಗೋಡೆಯ ಕಡೆ ಮುಖಮಾಡಿ ಮಲಗಿದವಳಿಗೆ ಸಂವಾದವೊಂದೇ ಸಾಲದು.

ಇಷ್ಟು ಹೇಳಿ ಪರದೇಶದವರನ್ನು ಹಳಿದು ಸುಮ್ಮನಾದರೆ ವಿಮರ್ಶೆ ಅರ್ಧವಾಯಿತು. ನಮ್ಮ ಮಠಗಳು, ದೇವಸ್ಥಾನಗಳು, ಯೋಗಶಿಬಿರಗಳು ಸಹ ಚಿಕಿತ್ಸೆಗೆ ಬದಲಾಗಿ ನಿಲ್ಲುವ ಸಂದರ್ಭಗಳುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿಗೆ ಆಗ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಹೆಚ್ಚಿನವರಿಗೆ ಚಿಕಿತ್ಸೆ ತಲುಪಿರಲಿಲ್ಲ. ಹೀಗೆ ಉಳಿದವರಲ್ಲಿ ಅನೇಕರು ಮೊದಲು ಬರುವುದು ನಮ್ಮಂತಹವರ ಬಾಗಿಲಿಗೆ. ಆ ಬಾಗಿಲಿನಿಂದ ಒಳಿತೂ ಆಗಬಹುದು, ಕೆಡುಕೂ ಆಗಬಹುದು. ನಿಮ್ಹಾನ್ಸ್‌ನ ಸಂಶೋಧಕರು ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯದಲ್ಲಿ ತಂಗಿದ್ದ 31 ಮಂದಿ ಮನೋರೋಗಿಗಳನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ವರದಿಯಂತೆ, ಬಂಧುಗಳೊಡನೆ ಕೆಲವು ವಾರ ಅಲ್ಲಿದ್ದು ಸಣ್ಣಪುಟ್ಟ ಕೆಲಸಗಳಲ್ಲಿ ತೊಡಗಿದವರ ರೋಗಲಕ್ಷಣಗಳು ಸರಾಸರಿ ಶೇಕಡಾ 20ರಷ್ಟು ತಗ್ಗಿದ್ದುವು. ಅದೇ ರಾಜ್ಯದ ಏರವಾಡಿಯಲ್ಲಿ, 2001ನೆಯ ಆಗಸ್ಟ್ 6ರಂದು, ನಂಬಿಕೆಯಿಂದ ಗುಣವಾಗಲೆಂದು ಬಂಧುಗಳು ಬಿಟ್ಟುಹೋಗಿದ್ದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಿಗಿಯಲ್ಪಟ್ಟಿದ್ದ 28 ಜನರು ಪ್ರಾಣಬಿಟ್ಟರು. ಎರಡು ಕಡೆಯೂ ಶ್ರದ್ಧೆಯಿತ್ತು. ಒಂದು ಕಡೆ ಬಂಧುಗಳು ಪಕ್ಕದಲ್ಲಿದ್ದರು. ಇನ್ನೊಂದು ಕಡೆ ಸರಪಳಿಯಿತ್ತು. ಇಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಸರಪಳಿಯನ್ನು ಸ್ಪಷ್ಟವಾಗಿ ನಿಷೇಧಿಸಿದೆ.

ನಿಜವಾದ ಸಮಗ್ರತೆಯು ಆಸ್ಪತ್ರೆಯ ಒಳಗೂ ಬರಬಲ್ಲುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಉದಾಹರಣೆಗಳಿವೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಬಂಧುಗಳನ್ನು ಆವರಣದಲ್ಲಿ ಡೇರೆ ಹಾಕಿ ಉಳಿಸಿಕೊಂಡು, ಅವರನ್ನು ಆರೈಕೆಯಲ್ಲಿ ಪಾಲುದಾರರನ್ನಾಗಿ ಮಾಡಿದರು. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ನಮ್ಮ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿಯಿತ್ತು ಚಿಕಿತ್ಸೆಯನ್ನು ಹಳ್ಳಿಯ ಸಮೀಪಕ್ಕೆ ತಂದಿತು. 1996ರಲ್ಲಿ ಅದೇ ರಾಷ್ಟ್ರದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದೇ ಸಂಸ್ಥೆಯವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಕಿಜೋಫ್ರೇನಿಯಾಕ್ಕೆ ಔಷಧ ಸೇವಿಸುತ್ತಿದ್ದ 61 ಮಂದಿಯಲ್ಲಿ ಕೆಲವರಿಗೆ ಯೋಗವನ್ನೂ ಕೆಲವರಿಗೆ ಅಂಗಸಾಧನೆಯನ್ನೂ ಕಲಿಸಲಾಯಿತು. ಯೋಗಾಭ್ಯಾಸ ಮಾಡಿದವರು ಹೆಚ್ಚು ಚೇತರಿಸಿಕೊಂಡರು. ಔಷಧದ ಜೊತೆಯಲ್ಲಿ ಯೋಗ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಯೋಗವನ್ನು ಹೊಗಳುವವರು ಈ ‘ಜೊತೆ’ ಎಂಬ ಶಬ್ದವನ್ನು ನುಂಗಿಬಿಡಬಾರದು. ವೈದ್ಯವು ನಮಗೆ ಪರಕೀಯವೂ ಅಲ್ಲ. ಸುತ್ತೂರು ಮಠದ ವಿದ್ಯಾಪೀಠವು 1984ರಲ್ಲಿ ಮೈಸೂರಿನಲ್ಲಿ ವೈದ್ಯಕೀಯ ಕಾಲೇಜನ್ನು ತೆರೆಯಿತು. ಮಠಗಳೇ ವೈದ್ಯರನ್ನು ತಯಾರು ಮಾಡುತ್ತಿರುವಾಗ ಭಕ್ತನು ವೈದ್ಯನ ಬಳಿಗೆ ಹೋಗಲು ನಾಚುವುದು ವಿಪರ್ಯಾಸವಲ್ಲವೆ?

ಆದುದರಿಂದ ಸದ್ಭಕ್ತರು ಯಾವುದೇ ವಿಕಾಸ ಶಿಬಿರಕ್ಕೆ, ಅದು ಮಠದ್ದೇ ಆಗಿರಲಿ, ಮಕ್ಕಳನ್ನು ಕಳುಹಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಬೇಕು. ಇದು ನಮ್ಮ ಶಕ್ತಿಗೆ ಮೀರಿದ್ದು, ವೈದ್ಯರಲ್ಲಿಗೆ ಹೋಗಿ ಎಂದು ಹೇಳುವ ವಿವೇಕ ಇವರಿಗಿದೆಯೆ? ಶಿಬಿರ ಮುಗಿದ ಮರುತಿಂಗಳು ಏನಾದರೂ ಆದರೆ ವಿಚಾರಿಸುವವರು ಯಾರು? ವೈದ್ಯರು ಬರೆದುಕೊಟ್ಟ ಔಷಧವನ್ನು ನಿಲ್ಲಿಸೆಂದು ಹೇಳುತ್ತಾರೆಯೆ? ಮೂರನೆಯದಕ್ಕೆ ಹೌದೆಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬರಬೇಕು. ಬದುಕು ಬೇಸರವಾಗಿದೆ, ಇರುವುದಕ್ಕಿಂತ ಸಾಯುವುದು ಮೇಲು ಎಂದು ಯಾರಾದರೂ ನುಡಿದರೆ ಶಿಬಿರದ ದಿನಾಂಕಕ್ಕೆ ಕಾಯಬಾರದು. ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ-ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಶುಲ್ಕವಿಲ್ಲದೆ ದೂರವಾಣಿ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.

ಮೇಲಣ ತಾಯಿತಂದೆಗಳ ಪ್ರಶ್ನೆಗೆ ಉತ್ತರವು ಇಷ್ಟರಿಂದ ದೊರೆಯುತ್ತದೆ. ಹುಡುಗನನ್ನು ಮೊದಲು ವೈದ್ಯರಿಗೆ ತೋರಿಸಿ. ರೋಗವಿಲ್ಲವೆಂದು ಅವರು ಹೇಳಿದರೆ ಸಂತೋಷ. ಉಂಟೆಂದರೆ ಚಿಕಿತ್ಸೆ ನಡೆಯಲಿ. ಆಮೇಲೆ ಅವನನ್ನು ಮಠಕ್ಕೆ ಕರೆತನ್ನಿ. ಲಿಂಗಪೂಜೆ, ಸತ್ಸಂಗ, ಪಂಕ್ತಿಯಲ್ಲಿ ಬಡಿಸುವ ಕೆಲಸ, ಎಲ್ಲವೂ ಅವನಿಗಾಗಿ ಇಲ್ಲಿವೆ. ಔಷಧವನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಂಡನೇ ಎಂದು ಪ್ರಸಾದದ ಹೊತ್ತಿನಲ್ಲಿ ಕೇಳುವುದನ್ನೂ ನಾವು ಮಠದ ಕರ್ತವ್ಯವೆಂದೇ ತಿಳಿಯುತ್ತೇವೆ.